ಹಳದಿ ಬಟ್ಟೆಯ ಮೇಲೆ ಎರಡು ಕೈ

ಪೂಜ್ಯ ಅಂಬಾರಾಯ ಶರಣರು ಕಾಗಿಣಾ ನದಿಯ ದಂಡೆಯ ತೊರೆಬೇನೂರಿನಲ್ಲಿ ನೆಲೆಸಿದ್ದ ಕಾಲದ ಮಾತಿದು. ಮಠವೆಂದರೆ ದೊಡ್ಡ ಮಠವೇನಲ್ಲ. ತಗಡು ಹೊದಿಸಿದ ಒಂದೇ ಅಂಕಣದ ಗುಡಿಸಲು, ಮುಂದೊಂದು ಬೇವಿನ ಗಿಡ, ಅದರ ಬುಡಕ್ಕೆ ಸಗಣಿ ಸಾರಿಸಿದ ಕಟ್ಟೆ. ಆ ಕಟ್ಟೆಯ ಮೇಲೆ ಕುಳಿತು ಶರಣರು ದಿನವಿಡೀ ಕೌದಿ ಹೊಲಿಯುತ್ತಿದ್ದರು. ಊರವರು ಕೊಟ್ಟ ಹರಕು ಸೀರೆ, ಹಳೆ ಧೋತರಗಳನ್ನು ಒಗೆದು ಒಣಗಿಸಿ, ಪದರದ ಮೇಲೆ ಪದರವಿಟ್ಟು ಹೊಲಿದು, ಚಳಿ ಬೀಳುವಷ್ಟರಲ್ಲಿ ಹೊದಿಕೆಯಿಲ್ಲದವರಿಗೆ ಹಂಚಿಬಿಡುವರು. ಅದೇ ಅವರ ಪೂಜೆ. ಸುತ್ತಲ ಸೀಮೆಯ ಜನ ಅವರನ್ನು ‘ಮುತ್ಯಾ’ ಎಂದು ಕರೆಯುತ್ತಿದ್ದರು. ಶರಣರು ಅಂಗೈಯಿಂದ ವಿಭೂತಿ ಉದುರಿಸಿದವರಲ್ಲ, ನೀರಿನ ಮೇಲೆ ನಡೆದವರೂ ಅಲ್ಲ. ಪವಾಡ ನೋಡಲೆಂದು ಬಂದವರು ಒಂದಿಷ್ಟು ಹೊತ್ತು ಕಾದು, ಸೂಜಿಗೆ ದಾರ ಪೋಣಿಸಿಕೊಟ್ಟು, ಬೇಸತ್ತು ಎದ್ದು ಹೋಗುತ್ತಿದ್ದರು.

ಒಂದು ಅಮಾವಾಸ್ಯೆಯ ಮುಂಜಾನೆ ಪಕ್ಕದೂರಿನ ಸುಗಲಾಬಾಯಿ ಏದುಸಿರು ಬಿಡುತ್ತ ಬಂದಳು. ಗಂಡ ತೀರಿಕೊಂಡ ಮೇಲೆ ಹೊಲ ಮನೆ ಎರಡನ್ನೂ ಮುಷ್ಟಿಯಲ್ಲಿ ಹಿಡಿದವಳು ಅವಳು. ಮಾತೆಂದರೆ ಮಾತು, ಮಗ ಚಂದ್ರಶಾ ಕೂಡ ತಾಯಿಯೆದುರು ತಲೆಯೆತ್ತುತ್ತಿರಲಿಲ್ಲ. ಶರಣರ ಮೇಲೆ ಅವಳಿಗೆ ಅಪಾರ ಭಕ್ತಿ. ಬಿತ್ತನೆ ಇರಲಿ, ಮದುವೆ ಇರಲಿ, ಅವರ ಕೈಯ ಬೂದಿ ಹಣೆಗಿಲ್ಲದೆ ಆ ಮನೆಯಲ್ಲಿ ಯಾವ ಕೆಲಸವೂ ಆರಂಭವಾಗುತ್ತಿರಲಿಲ್ಲ. ಅದಕ್ಕೆ ಕೆಲವು ದಿನಗಳ ಹಿಂದೆ ಆ ಮನೆಯ ಮೇಲೆ ಸಿಡಿಲು ಬಿದ್ದಿತ್ತು. ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳ ಗಂಡುಕೂಸು ಜ್ವರ ಏರಿ ತೀರಿಕೊಂಡಿತ್ತು. ಅಂದಿನಿಂದ ಸುಗಲಾಬಾಯಿ ಸರಿಯಾಗಿ ಉಂಡಿರಲಿಲ್ಲ.

ಶರಣರ ಪಾದಕ್ಕೆರಗಿ ಎದ್ದವಳೇ, ಕಂಕುಳಲ್ಲಿದ್ದ ಗಂಟು ಬಿಚ್ಚುತ್ತ ಹೇಳಿದಳು: “ಮುತ್ಯಾ, ಕೂಸು ಸುಮ್ಮನ ಹೋಗಿಲ್ಲರಿ. ಭಾನಾಮತಿ ಮಾಡ್ಯಾರ. ಮಾಡಿದಾಕಿ ನಮ್ಮ ಮನ್ಯಾಗೇ ಸಿಕ್ಕಾಳ.”

ಭಾನಾಮತಿ ಎಂದರೆ ಮಾಟ. ಆ ಸೀಮೆಯಲ್ಲಿ ಆ ಹೆಸರು ಕೇಳಿದರೆ ಗಂಡಸರೂ ಬೆಚ್ಚಿಬೀಳುತ್ತಾರೆ. ಶರಣರು ಸೂಜಿ ಕೆಳಗಿಟ್ಟರು.

“ಯಾರವ್ವಾ?”

“ಸೊಸಿರಿ, ಮಹಾನಂದಾ! ತನ್ನ ಮಡಿಲು ತುಂಬಲಿಲ್ಲ ಅಂತ ನನ್ನ ಮಗಳ ಮಡಿಲು ಬರಿದು ಮಾಡ್ಯಾಳ. ನಂಬಿಕಿ ಬರದಿದ್ದರ ನೋಡ್ರಿ.”

ಗಂಟಿನಿಂದ ಹೊರಬಂದದ್ದು ಅರಿಶಿನದಲ್ಲಿ ಅದ್ದಿ ಒಣಗಿಸಿದ ಒಂದು ಬಟ್ಟೆ. ಅದರ ಮೂಲೆಯಲ್ಲಿ ಐದೂ ಬೆರಳು ಮೂಡಿದ ಒಂದು ಅಂಗೈ ಗುರುತು. ನೆತ್ತರಿನಂಥ ಕೆಂಪು. ನೋಡಿದವರ ಎದೆ ಝಲ್ಲೆನ್ನಬೇಕು, ಹಾಗಿತ್ತು.

ಹಿಂದಿನ ದಿನ ಗಡಿಯಾಚೆಯಿಂದ ಒಬ್ಬ ಮಂತ್ರಗಾರ ಬಂದಿದ್ದನಂತೆ. ಅಂಗಳದಲ್ಲಿ ದೇವಿಯ ಪಟವಿಟ್ಟು, ಮುಂದೆ ಈ ಬಟ್ಟೆ ಹಾಸಿ, ಮನೆಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ತೀರ್ಥ ಚಿಮುಕಿಸಿದ ಅಂಗೈಯನ್ನು ಬಟ್ಟೆಗೆ ಒತ್ತಬೇಕೆಂದನಂತೆ. ಕೂಸಿನ ತಾಯಿ ಒತ್ತಿದಳು, ಸುಗಲಾಬಾಯಿ ಒತ್ತಿದಳು, ಓರಗಿತ್ತಿಯರು ಒತ್ತಿದರು. ಬಟ್ಟೆ ಒದ್ದೆಯಾಯಿತೇ ಹೊರತು ಹಳದಿ ಹಳದಿಯಾಗಿಯೇ ಇತ್ತು. ಮಹಾನಂದಾ ಕೈಯೆತ್ತಿದಾಗ ಮಾತ್ರ ಅಡಿಯಲ್ಲಿ ರಕ್ತ! ಅಂಗಳದಲ್ಲಿ ನೆರೆದ ಜನ ಹೌಹಾರಿ ಹಿಂದೆ ಸರಿದರು. ಆ ಹುಡುಗಿಯಂತೂ ತನ್ನ ಕೈಯನ್ನು ತಾನೇ ನೋಡಿ ಚಿಟ್ಟನೆ ಚೀರಿದಳಂತೆ. ಅವಳನ್ನು ಕಾಳಿನ ಕೋಣೆಗೆ ತಳ್ಳಿ ಅಗುಳಿ ಹಾಕಿದರು.

“ಈಗೇನು ಮಾಡ್ತೀರಿ?” ಎಂದು ಶರಣರು ಕೇಳಿದರು.

ಸುಗಲಾಬಾಯಿ ಕಣ್ಣು ಮಿಟುಕಿಸದೆ ಹೇಳಿದಳು: “ಹಲ್ಲು ಕೀಳ್ತಾರಂತ್ರಿ. ಹಲ್ಲು ಹೋದರ ಬಾಯಾಗಿನ ಮಂತ್ರ ಸಾಯ್ತದಂತ. ಹೊತ್ತು ನೆತ್ತಿಗೆ ಬರೋದರೊಳಗ ಆಗಬೇಕು ಅಂದಾನ. ಇಕ್ಕಳ ತಂದಿಟ್ಟಾರ. ನಿಮ್ಮ ಬೂದಿ ಹಚ್ಚದ ಸುರು ಮಾಡಬ್ಯಾಡ್ರಿ ಅಂತ ಹೇಳಿ ಬಂದೀನಿ. ಕೊಡ್ರಿ ಮುತ್ಯಾ.”

ದಿನಾ ರೊಟ್ಟಿ ಬಡಿದು ಹಾಕುವ ಮನೆಮಗಳ ಹಲ್ಲನ್ನು ಎತ್ತಿನ ಗೊರಸಿನ ಮೊಳೆಯಂತೆ ಕೀಳುವುದಕ್ಕೆ ಒಬ್ಬ ಸಂತರ ವಿಭೂತಿ ಬೇಕು! ಕೇಳಿದವಳು ರಾಕ್ಷಸಿಯಲ್ಲ. ಸೋಮವಾರ ಉಪವಾಸ ಮಾಡುವ, ದಾರಿಹೋಕರಿಗೆ ಅಂಬಲಿ ಕೊಡುವ ಹೆಂಗಸು. ಒಳ್ಳೆಯವರು ಇಷ್ಟು ಸುಲಭವಾಗಿ ಇಂಥ ಮಾತು ಆಡಬಲ್ಲರಲ್ಲ, ಅದೇ ಮೈ ಜುಮ್ಮೆನ್ನಿಸುವ ಸಂಗತಿ.

ಶರಣರು ಸಿಟ್ಟಾಗಲಿಲ್ಲ. ಬಿಸಿಲು ಎಲ್ಲಿಗೆ ಬಂದಿದೆಯೆಂದು ಒಮ್ಮೆ ನೋಡಿದರು. ಆಮೇಲೆ, ಯಾರೂ ನಿರೀಕ್ಷಿಸದ ಒಂದು ಮಾತು ಆಡಿದರು.

“ಅವ್ವಾ, ನನಗೊಂದೀಟು ತಂಬಾಕು ತಿಕ್ಕಿ ಕೊಡು.”

ಸುಗಲಾಬಾಯಿ ಬೆಪ್ಪಾದಳು. ಮುತ್ಯಾ ತಂಬಾಕು ತಿನ್ನುವುದೇ! ಎಲೆ ಅಡಿಕೆಯನ್ನೂ ಮುಟ್ಟದವರು! ಆದರೆ ಹಿರಿಯರು ಬಾಯಿಬಿಟ್ಟು ಕೇಳಿದ್ದನ್ನು ಯಾಕೆಂದು ಕೇಳಲಾದೀತೆ? ಸೊಂಟದ ಸಂಚಿ ಬಿಚ್ಚಿ, ಅಂಗೈಯಲ್ಲಿ ತಂಬಾಕಿನ ಎಸಳು ಹಾಕಿ, ಡಬ್ಬಿಯಿಂದ ಸುಣ್ಣ ತೆಗೆದು ಹೆಬ್ಬೆರಳಿನಿಂದ ತಿಕ್ಕತೊಡಗಿದಳು. ರೂಢಿ ತಪ್ಪಿತ್ತು, ಸುಣ್ಣ ಹೆಚ್ಚಾಗಿ ಅಂಗೈಯೆಲ್ಲ ಬೆಳ್ಳಗಾಯಿತು. ಆ ಮನೆಯಲ್ಲಿ ಹಿರಿಯರಿಗೂ ಬಂದುಹೋದವರಿಗೂ ತಂಬಾಕು ತಿಕ್ಕಿಕೊಡುವುದು ಸೊಸೆಯ ಕೆಲಸ. ಮಹಾನಂದಾ ಬಂದ ಮೇಲೆ ಅತ್ತೆಯ ಅಂಗೈಗೆ ಸುಣ್ಣ ತಾಗಿರಲಿಲ್ಲ.

ತಿಕ್ಕಿದ್ದನ್ನು ಶರಣರು ಎಲೆಯ ಮೇಲೆ ಹಾಕಿಸಿಕೊಂಡು ಪಕ್ಕಕ್ಕಿಟ್ಟರು. ತಂಬಿಗೆಯಿಂದ ನಾಲ್ಕು ಹನಿ ನೀರನ್ನು ಅವಳ ಅಂಗೈಗೆ ಚಿಮುಕಿಸಿದರು. ಹಳದಿ ಬಟ್ಟೆಯನ್ನು ಅವಳ ಮುಂದೆ ಹರವಿದರು.

“ಇಲ್ಲಿ ಕೈ ಒತ್ತವ್ವಾ. ಅಕಿ ಕೈ ಮಗ್ಗಲಕ್ಕ.”

ಸುಗಲಾಬಾಯಿ ಒತ್ತಿದಳು. ಎತ್ತಿದಳು.

ಸೊಸೆಯ ಕೆಂಪು ಕೈಯ ಪಕ್ಕದಲ್ಲಿ ಅತ್ತೆಯ ಕೆಂಪು ಕೈ ಮೂಡಿತ್ತು. ಅದೇ ನೆತ್ತರು, ಅದೇ ಐದು ಬೆರಳು.

ಶರಣರು ಮೆಲ್ಲಗೆ ಕೇಳಿದರು: “ಈಗ ಯಾರ ಹಲ್ಲು ಕೀಳೋಣ?”

ಅವಳು ಬಟ್ಟೆಯನ್ನೇ ದಿಟ್ಟಿಸಿದಳು, ತನ್ನ ಅಂಗೈಯನ್ನು ದಿಟ್ಟಿಸಿದಳು. ಗೆರೆಗಳಲ್ಲಿ ಇನ್ನೂ ಸುಣ್ಣವಿತ್ತು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎಂಬುದು ಹೆಣ್ಣುಮಕ್ಕಳಿಗೆ ಯಾರಾದರೂ ಕಲಿಸಬೇಕಾದ ಪಾಠವೇ? ಆರತಿಯ ತಟ್ಟೆಯಲ್ಲಿ ಕೆಂಪು ನೀರು ಕಲಸದ ಕೈ ಆ ನಾಡಿನಲ್ಲಿ ಉಂಟೆ? ಇದೇ ಮಹಾನಂದಾ ಮದುವೆಯಾಗಿ ಹೊಸ್ತಿಲಲ್ಲಿ ನಿಂತಾಗ, ಅರಿಶಿನ ಸುಣ್ಣ ಕಲಸಿ, ದೃಷ್ಟಿ ತಾಗದಿರಲೆಂದು ನಿವಾಳಿಸಿ ಚೆಲ್ಲಿ ಒಳಗೆ ಕರೆದುಕೊಂಡವಳು ತಾನೇ ಅಲ್ಲವೆ?

“ನನಗ ಗೊತ್ತಿತ್ತಲ್ಲೋ ಯಪ್ಪಾ!” ಎಂದು ಎದೆ ಬಡಿದುಕೊಂಡಳು. “ಗೊತ್ತಿದ್ದದ್ದು ನಿನ್ನೆ ಎಲ್ಲಿ ಹೋಗಿತ್ತು?”

“ಬಟ್ಟಿ ಹಾಸೋಕಿಂತ ಮೊದಲ ಅಂವ ಏನೇನು ಮಾಡಿದ?”

“ಉಂಡ. ಸೊಸಿ ಕೈಲೆ ತಂಬಾಕು ತಿಕ್ಕಿಸಿಕೊಂಡ. ದೇವಿ ಬಂದಾಳ, ಯಾರೂ ಕೈ ತೊಳೀಬಾರದು, ತೀರ್ಥ ಚಿಮುಕಿಸಿಕೊಂಡರ ಸಾಕು ಅಂದ.”

“ಅದಕ್ಕಿಂತ ಮೊದಲ?”

ಸುಗಲಾಬಾಯಿ ತಲೆ ತಗ್ಗಿಸಿದಳು. “ಯಾರ ಮ್ಯಾಲ ನಿನಗ ಸಂಶಯ ಅಂತ ಅಂವ ಕೇಳಿದ್ರಿ. ನಾನೇ ಹೇಳಿದೆ.”

“ಹೆಸರು ನೀ ಕೊಟ್ಟಿ, ಬಣ್ಣ ಅಂವ ಕೊಟ್ಟ,” ಎಂದರು ಶರಣರು. “ಕೂಸು ಹೋದ ದುಃಖಕ್ಕ ಬಡಿಯಾಕ ಒಂದು ಮೈ ಬೇಕಾಗಿತ್ತು, ತಾಯಿ. ಹಂಗ ಬೇಕಾದಾಗ ಕಣ್ಣು ಕಂಡದ್ದನ್ನ ಮನಸು ಕೇಳೂದಿಲ್ಲ.”

ಆ ಮಾತು ಅವಳಿಗೆ ಎಷ್ಟು ನಾಟಿತೆಂದರೆ, ಅಳುವುದನ್ನೂ ಮರೆತು ಶರಣರ ಕಾಲು ಹಿಡಿದಳು. “ನೀವೇ ಬರ್ರಿ ಮುತ್ಯಾ. ಊರಿಗೂರೇ ನೆರದದ. ಹೆಂಗಸು ನಾ, ನನ್ನ ಮಾತು ಯಾರು ಕೇಳ್ತಾರ? ನೀವು ಬಂದರ ಎಲ್ಲರೂ ಕೈ ಮುಗೀತಾರ.”

“ಅದಕ್ಕಽ ಬರೂದಿಲ್ಲ. ನಾ ಬಂದರ ಅವನಕಿಂತ ದೊಡ್ಡ ಪವಾಡ ಮಾಡಿದ ಅಂತಾರ. ನೀ ಹೋದರ ಖರೇ ಅಂತಾರ.” ಶರಣರು ಬಟ್ಟೆಯನ್ನು ಮಡಚಿ ಅವಳ ಕೈಗಿತ್ತರು. “ಹೊತ್ತೇರಲಿಕತ್ತದ. ಓಡು.”

ಸುಗಲಾಬಾಯಿ ಓಡಿದಳು. ಚಪ್ಪಲಿ ಅಲ್ಲಿಯೇ ಉಳಿದವು. ತೊಗರಿ ಹೊಲದ ಬದುವಿನಲ್ಲಿ ಎಡವಿದಳು, ಎದ್ದಳು, ಸೀರೆ ಮುಳ್ಳಿಗೆ ಸಿಕ್ಕಿ ಹರಿಯಿತು. ತಡವಾದರೆ ಎಂಬ ಒಂದೇ ಯೋಚನೆ. ತಡವಾಗಿ, ಸೊಸೆಯನ್ನು ಆಗಲೇ ಕೋಣೆಯಿಂದ ಹೊರಗೆಳೆದಿದ್ದರೆ!

ಅಂಗಳ ಕಿಕ್ಕಿರಿದಿತ್ತು. ಮಂತ್ರಗಾರ ದೇವಿಯ ಪಟದ ಮುಂದೆ ಲೋಬಾನ ಹಾಕುತ್ತ ಕುಳಿತಿದ್ದ. ಇಕ್ಕಳಕ್ಕೆ ಕುಂಕುಮ ಹಚ್ಚಿಯಾಗಿತ್ತು. ಕೋಣೆಯ ಅಗುಳಿ ಇನ್ನೂ ಹಾಕಿದ್ದಂತೆಯೇ ಇತ್ತು.

“ಬೂದಿ ಸಿಕ್ತೇನವ್ವಾ?” ಎಂದು ಚಂದ್ರಶಾ ಮುಂದೆ ಬಂದ.

ಸುಗಲಾಬಾಯಿ ಮಗನನ್ನು ಸರಿಸಿ ನಡುಅಂಗಳದಲ್ಲಿ ಬಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು. “ಇದು ಮಹಾನಂದಾನ ಕೈ. ಇದು ನನ್ನ ಕೈ. ಹಲ್ಲು ಕೀಳೋರು ಯಾರು ಬರ್ತೀರಿ ಬರ್ರಿ. ನನ್ನಿಂದ ಸುರು ಮಾಡ್ರಿ!”

ಜನ ಬಾಯಿ ಮೇಲೆ ಕೈಯಿಟ್ಟುಕೊಂಡರು. ಅವಳು ಸಂಚಿಯ ಸುಣ್ಣದ ಡಬ್ಬಿಯನ್ನು ಓರಗಿತ್ತಿಯ ಕೈಗೆ ಕೊಟ್ಟು, “ಅಂಗೈಗೆ ಹಚ್ಚಿಕೊಂಡು ಒತ್ತು,” ಎಂದಳು. ಆಕೆ ಹೆದರುತ್ತ ಒತ್ತಿದಳು, ಕೆಂಪಾಯಿತು. ಕೂಸಿನ ತಾಯಿ ತಾನಾಗಿಯೇ ಬಂದು ಒತ್ತಿ, ತನ್ನ ಕೈಯ ಕೆಂಪನ್ನು ನೋಡಿ, ಗೊಳೋ ಎಂದು ಅತ್ತಳು. ಆಗ ಮುದುಕಿಯೊಬ್ಬಳು, “ಅಯ್ಯ, ಇದು ಓಕಳಿ ನೀರಲ್ಲೇನಽ!” ಎಂದು ಕೂಗಿದಳು. ನೆರೆದವರೆಲ್ಲ ಮಂತ್ರಗಾರನತ್ತ ತಿರುಗಿದರು. ಅವನು ಪಟ ಸುತ್ತಿಕೊಂಡು ಹಿತ್ತಲ ದಾರಿ ಹಿಡಿಯುವುದರಲ್ಲಿದ್ದ. ನಾಲ್ಕು ಜನ ಹಿಡಿದು ಕೂರಿಸಿದರು. ಅವನ ಗತಿ ಏನಾಯಿತೆಂದು ಸುಗಲಾಬಾಯಿ ತಿರುಗಿ ನೋಡಲಿಲ್ಲ.

ಅವಳು ಕೋಣೆಯ ಅಗುಳಿ ತೆಗೆದಳು. ಜೋಳದ ಚೀಲಗಳ ಸಂದಿಯಲ್ಲಿ ಮಹಾನಂದಾ ಮುದುಡಿ ಕುಳಿತಿದ್ದಳು. ಅತ್ತೆಯನ್ನು ಕಂಡದ್ದೇ ತಡ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಸುಗಲಾಬಾಯಿ ಹೊಸ್ತಿಲಲ್ಲೇ ಕುಸಿದಳು. ಹತ್ತಿರ ಹೋಗುವ ಧೈರ್ಯವಾಗಲಿಲ್ಲ. “ತಪ್ಪಾತು ನನ್ನವ್ವಾ,” ಎಂದು ಹಣೆಯನ್ನು ನೆಲಕ್ಕೆ ಹಚ್ಚಿದವಳು ಹಾಗೆಯೇ ಇದ್ದಳು. ಬಹಳ ಹೊತ್ತಿಗೆ ಸೊಸೆಯ ಕೈಗಳು ಬಾಯಿಂದ ಇಳಿದವು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ನಡೆದದ್ದೆಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು:

“ನಮಗ ಮುತ್ಯಾ ಇದ್ದರು ಅತ್ತೀ. ಮುತ್ಯಾ ಇಲ್ಲದ ಊರಾಗಿನ ಸೊಸ್ತೇರು ಏನು ಮಾಡಬೇಕು?”

ಆ ಪ್ರಶ್ನೆ ಸುಗಲಾಬಾಯಿಯನ್ನು ಮನೆಯಲ್ಲಿ ಕೂರಗೊಡಲಿಲ್ಲ. ಭಾನಾಮತಿ ಎಂಬ ಸುದ್ದಿ ಯಾವ ಊರಿಂದ ಬಂದರೂ ಬುತ್ತಿ ಕಟ್ಟಿಕೊಂಡು ಹೊರಡುವಳು. ಬೈಗುಳ ಕೇಳಿದಳು, ಕಲ್ಲೇಟನ್ನೂ ತಿಂದಳು. ಅಂದಿನಿಂದ ಅವಳ ಉಸಿರಿರುವವರೆಗೆ, ಆ ಸೀಮೆಯ ಯಾವ ಅಂಗಳದಲ್ಲಿ ಹಳದಿ ಬಟ್ಟೆ ಹಾಸಿದರೂ, ಸುಣ್ಣ ಬಳಿದುಕೊಂಡ ಒಂದು ಮುದಿ ಕೈ ಎಲ್ಲರಿಗಿಂತ ಮೊದಲು ಅದರ ಮೇಲೆ ಬೀಳುತ್ತಿತ್ತು.