ಯಾರೋ ಸಾರಿಸಿದ ಅಂಗಳ

"ಅಜ್ಜಾರ, ಪ್ರೀತಿ ಇಟ್ಟವನ ಮ್ಯಾಲ ಪೊಲೀಸರಿಗೆ ದೂರು ಕೊಡೋದು ಯಾವ ಧರ್ಮರಿ?"

ಗದಿಗೆಪ್ಪ ಮಠದ ಕಟ್ಟೆಯ ಕೆಳಗೆ ಕೂತು ಗುರುಗಳನ್ನು ಕೇಳಿದ. ಅವನು ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವನು, ಹನ್ನೆರಡು ವರ್ಷದಿಂದ ಆ ಮಠಕ್ಕೆ ನಡೆದುಕೊಳ್ಳುವ ಶಿಷ್ಯ. ಅಂದು ಬೆಳಿಗ್ಗೆ ಒಬ್ಬ ಪೇದೆ ಗಿರಣಿಯ ಬಾಗಿಲಲ್ಲಿ ನಿಂತು, ಸಂಜೆಯೊಳಗೆ ಠಾಣೆಗೆ ಬಂದು ಫೌಜದಾರರನ್ನು ಕಾಣಬೇಕು ಎಂದು ಹೇಳಿ ಹೋಗಿದ್ದ. ಜೋಳ ಬೀಸಿಸಲು ಬಂದವರೆಲ್ಲ ಅದನ್ನು ಕೇಳಿಸಿಕೊಂಡಿದ್ದರು. ದೂರು ಕೊಟ್ಟವಳು ಕಸ್ತೂರಿ, ಎರಡು ವರ್ಷದ ಹಿಂದಿನವರೆಗೆ ಅವನ ಹೆಂಡತಿ. ಕೋರ್ಟಿನಲ್ಲಿ ಸೋಡಚೀಟಿ ಆದ ಮೇಲೆ ಅವಳು ಬೇರೆ ಮನೆ ಮಾಡಿಕೊಂಡು, ಬ್ಲೌಸು ಹೊಲಿದು ಬದುಕುತ್ತಿದ್ದಳು. ಗದಿಗೆಪ್ಪನ ಲೆಕ್ಕದಲ್ಲಿ ಮದುವೆ ಮುರಿದದ್ದು ಕಾಗದದ ಮೇಲೆ ಮಾತ್ರ.

ಅವನು ಎಲ್ಲವನ್ನೂ ಹೇಳಿಕೊಂಡ. ತಾನು ಒಂದು ದಿನವೂ ಅವಳ ಮೇಲೆ ಕೈ ಎತ್ತಿದವನಲ್ಲ, ಒಂದು ಕೆಟ್ಟ ಮಾತು ಆಡಿದವನಲ್ಲ. ದಿನಾ ಬೆಳಿಗ್ಗೆ ಅವಳ ಹೊಲಿಗೆ ಅಂಗಡಿಯ ಎದುರು ನಿಂತು ನೋಡಿ ಬರುತ್ತಾನೆ, ಅಷ್ಟೇ. ಅವಳು ಓಣಿ ಬದಲಿಸಿದಾಗ ಹೊಸ ಓಣಿ ಹುಡುಕಿಕೊಂಡು ಹೋದ. ಫೋನಿನ ನಂಬರು ಬದಲಿಸಿದಾಗ ಹೊಸ ನಂಬರು ಸಂಪಾದಿಸಿದ. ಊಟ ಆಯಿತೇ ಎಂದು ಕೇಳುವುದಕ್ಕೆ. ಅದಕ್ಕೆ ಪೊಲೀಸರೇ? ಅವನ ಬೇಡಿಕೆ ಒಂದೇ. ಅಜ್ಜಾರು ಠಾಣೆಗೆ ಹೋಗಿ, ಗದಿಗೆಪ್ಪ ಎಂಥವನು ಎಂದು ಫೌಜದಾರರಿಗೆ ಒಂದು ಮಾತು ಹೇಳಬೇಕು. ಅಜ್ಜಾರ ಮಾತೆಂದರೆ ಫೌಜದಾರರೂ ತೆಗೆದುಹಾಕರು, ಕಸ್ತೂರಿಯೂ ಮೀರಳು.

ಅಜ್ಜಾರು ಅದಕ್ಕೆ ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ನೂಲಿಗೆ ಬಣ್ಣ ಹಾಕುವ ಹೆಂಗಸೊಬ್ಬಳಿದ್ದಳು. ಗಂಡನ ಜೊತೆ ಬಾಳಲಾಗದೆ ಹಿರಿಯರ ಮುಂದೆ ನಿಂತಳು. ಹಿರಿಯರು ಇಬ್ಬರ ಕೈಯಲ್ಲೂ ಕಡ್ಡಿ ಮುರಿಸಿ, ಇನ್ನು ನಿನ್ನ ದಾರಿ ನಿನಗೆ, ಅವನ ದಾರಿ ಅವನಿಗೆ ಎಂದರು. ಅವಳು ಇನ್ನೊಂದು ಕೇರಿಯಲ್ಲಿ ಸಣ್ಣ ಮನೆ ಹಿಡಿದಳು. ಎಂಟು ದಿನ ಸುಖವಾಗಿ ನಿದ್ದೆ ಮಾಡಿದಳು. ಒಂಬತ್ತನೆಯ ಬೆಳಿಗ್ಗೆ ಕದ ತೆಗೆದರೆ ಯಾರೋ ಅಂಗಳ ಸಾರಿಸಿದ್ದರು. ನಡುವೆ ರಂಗೋಲಿ ಇತ್ತು. ಸಗಣಿಯ ಹಸಿ ಇನ್ನೂ ಆರಿರಲಿಲ್ಲ.

ಆ ಊರಿನಲ್ಲಿ ಅಂಗಳ ಸಾರಿಸುವುದು ಮನೆಯವರದೇ ಕೆಲಸ. ಕೂಲಿ ಕೊಟ್ಟು ಕೂಡ ಮಾಡಿಸುವಂತಿರಲಿಲ್ಲ. ಯಾರು ಸಾರಿಸಿದರೋ ಅವರು ಆ ಮನೆಯವರು ಎಂದೇ ಊರು ತಿಳಿಯುತ್ತಿತ್ತು. ಬಿಟ್ಟ ಗಂಡನಿಗೆ ಇದು ಗೊತ್ತಿತ್ತು. ಅವನು ದಿನವೂ ನಸುಕಿನಲ್ಲಿ ಬಂದು ಸಾರಿಸಿ, ರಂಗೋಲಿ ಹಾಕಿ ಹೋದ. ಮುರಿದ ಕಡ್ಡಿ ಕೂಡಿಕೊಂಡಿತು ಎಂದು ಜನ ಹೇಳಿದರು. ಕೇರಿಯ ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ತೋರಿಸಿ, ನೋಡಿ ಕಲಿಯಿರಿ ಎಂದರು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಅವಳು ಅಲ್ಲವೆಂದಷ್ಟೂ ಅವರು ನಕ್ಕರು.

ಅವಳು ಮನೆ ಬದಲಿಸಿದಳು. ಮೂರನೆಯ ದಿನಕ್ಕೆ ಅಲ್ಲಿಯೂ ಅಂಗಳ ಸಾರಿಸಿತ್ತು. ಮತ್ತೆ ಬದಲಿಸಿದಳು. ಈ ಸಲ ಅವನಿಗೆ ಒಂದೇ ದಿನ ಸಾಕಾಯಿತು. ಅವಳು ಕದಕ್ಕೆ ಬೆನ್ನು ಕೊಟ್ಟು ಕೂರುವುದನ್ನು ಕಲಿತಳು. ಹೊರಗೆ ಪೊರಕೆಯ ಸದ್ದು ಕೇಳಿದರೆ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದಳು. ತಾನು ಒಳಗೆ ಎಚ್ಚರವಾಗಿರುವುದು ಅವನಿಗೆ ತಿಳಿಯಬಾರದೆಂದು.

"ಎಂಥಾ ನಿಷ್ಠೆರಿ ಅಂವಂದು," ಎಂದ ಗದಿಗೆಪ್ಪ. ಅವನ ಕಣ್ಣು ತುಂಬಿ ಬಂದಿತ್ತು.

ಅಜ್ಜಾರು ಅವನ ಮುಖವನ್ನೊಮ್ಮೆ ನೋಡಿ ಕತೆ ಮುಂದುವರಿಸಿದರು.

ಕೊನೆಗೆ ಅವಳು ಚಾವಡಿಗೆ ಹೋದಳು. ಊರು ಕಾಯುವವನು ತಳವಾರ, ದೂರು ಬರೆದುಕೊಳ್ಳುವವನೂ ಅವನೇ. ಕೆಟ್ಟವನಲ್ಲ. ಆದರೆ ಕಣ್ಣಿಗಿಂತ ಪುಸ್ತಕವನ್ನು ಹೆಚ್ಚು ನಂಬಿದವನು. ದೂರಿನ ಪುಸ್ತಕದಲ್ಲಿ ಗೆರೆ ಹಾಕಿ ಎರಡೇ ಅಂಕಣ ಮಾಡಿದ್ದರು. ಹೋದ ವಸ್ತು ಯಾವುದು ಎಂಬುದಕ್ಕೆ ಒಂದು, ಒಯ್ದವರು ಯಾರು ಎಂಬುದಕ್ಕೆ ಇನ್ನೊಂದು. ಮೊದಲನೆಯದು ತುಂಬದೆ ಎರಡನೆಯದರಲ್ಲಿ ಹೆಸರು ಬರೆಯುವಂತಿರಲಿಲ್ಲ. ಏನು ಹೋಯಿತು ಎಂದು ತಳವಾರ ಕೇಳಿದ. ಏನೂ ಹೋಗಿಲ್ಲ ಎಂದಳು. ಹೊಡೆದನೇ ಎಂದ, ಇಲ್ಲವೆಂದಳು. ಬೈದನೇ ಎಂದ, ಅದೂ ಇಲ್ಲವೆಂದಳು. ತಳವಾರ ಪುಸ್ತಕ ಮುಚ್ಚಿದ.

"ಅಂಗಳ ಹೊಲಸು ಮಾಡ್ತಾರಂತ ದೂರು ತಂದೋರನ್ನ ಭಾಳ ಮಂದೀನ ನೋಡೀನಿ. ಸ್ವಚ್ಛ ಮಾಡ್ತಾನಂತ ದೂರು ತಂದಾಕಿ ನೀನೊಬ್ಬಾಕೀನ ನೋಡವ್ವ."

ಚಾವಡಿಯಲ್ಲಿ ಕೂತವರೆಲ್ಲ ನಕ್ಕರು. ಅವಳು ತಲೆ ತಗ್ಗಿಸಿ ಹೊರಟುಹೋದಳು. ಕತೆ ಕೇಳುತ್ತಿದ್ದ ಗದಿಗೆಪ್ಪನೂ ನಕ್ಕ. ತಳವಾರ ಕಾಯಿದೆ ಗೊತ್ತಿದ್ದವನು, ಈಗಿನ ಫೌಜದಾರರಿಗೆ ಅಷ್ಟು ಬುದ್ಧಿ ಇದ್ದಿದ್ದರೆ ತನಗೆ ಈ ಗತಿ ಬರುತ್ತಿರಲಿಲ್ಲ ಎಂದುಕೊಂಡ. ಬೆಳಗಿನಿಂದ ಮೊದಲ ಸಲ ಅವನ ಎದೆ ಸ್ವಲ್ಪ ಹಗುರಾಯಿತು.

ಮರುದಿನ ತಳವಾರ ಎದ್ದು ಕದ ತೆಗೆದ. ಅವನ ಅಂಗಳ ಸಾರಿಸಿತ್ತು. ಹೆಂಡತಿಯನ್ನು ಕೇಳಿದರೆ, ನಾನು ಈಗ ಏಳುತ್ತಿದ್ದೇನೆ ಎಂದಳು. ಹೆಣ್ಣುಮಕ್ಕಳಿಬ್ಬರನ್ನೂ ಕೇಳಿದ. ಯಾರೂ ಹೊರಗೆ ಬಂದಿರಲಿಲ್ಲ. ರಂಗೋಲಿ ಬಹಳ ಚೆಂದವಾಗಿತ್ತು. ಊರ ಕಳ್ಳರನ್ನೆಲ್ಲ ಕಟ್ಟಿ ತಂದವನಿಗೆ ಅದನ್ನು ದಾಟಲು ಕಾಲು ಬರಲಿಲ್ಲ. ಗೋಡೆ ಹಿಡಿದುಕೊಂಡು ಬದಿಯಿಂದ ಹೊರಗೆ ಬಂದ. ಅವರವರ ಬುಡಕ್ಕೆ ಬಂದಾಗಲೇ ಬಿಸಿ ತಿಳಿಯುವುದು.

ತಳವಾರ ಆ ಗಂಡನಿಗೆ ಹೇಳಿ ಕಳಿಸಿದ. ಅವನು ನಗುನಗುತ್ತ ಚಾವಡಿಗೆ ಬಂದು ಕೈಮುಗಿದ. ನ್ಯಾಯ ಹೇಳಿದ ದೊಡ್ಡವರಿಗೆ ಬಡವನ ಸಣ್ಣ ಸೇವೆ ಎಂದ. ಇನ್ನು ಬರಬೇಡ ಎಂದರೆ, ಆಗಲಿ ಎಂದ. ಮೆಟ್ಟಿಲು ಇಳಿಯುವವನು ತಿರುಗಿ ನಿಂತು ಇನ್ನೊಂದು ಮಾತು ಹೇಳಿದ.

"ನಿಮ್ಮ ಸಣ್ಣ ಮಗಳು ನಸುಕಿನ್ಯಾಗ ಭಾಳ ಕೆಮ್ಮತಾಳ್ರಿ. ಶುಂಠಿ ಕಷಾಯ ಮಾಡಿ ಕುಡಸ್ರಿ."

ಸಣ್ಣ ಮಗಳು ಮಲಗುತ್ತಿದ್ದದ್ದು ಮನೆಯ ಹಿಂದಿನ ಕೋಣೆಯಲ್ಲಿ. ಅಂಗಳದಲ್ಲಿ ನಿಂತವನಿಗೆ ಅವಳ ಕೆಮ್ಮು ಕೇಳುವುದು ಸಾಧ್ಯವೇ ಇರಲಿಲ್ಲ.

ಗದಿಗೆಪ್ಪನಿಗೆ ಹೋದ ವಾರದ ಸಂತೆ ನೆನಪಾಯಿತು. ಅಲ್ಲಿ ಅವನು ಕಸ್ತೂರಿಯ ತಾಯಿಯನ್ನು ನಿಲ್ಲಿಸಿ ಮಾತಾಡಿಸಿದ್ದ. ಒಳಕೋಣೆಯ ಆ ಸಣ್ಣ ದೀಪದಲ್ಲಿ ಕೂತು ಹೊಲಿದರೆ ಕಣ್ಣು ಹಾಳಾಗುತ್ತವೆ, ಮಗಳಿಗೆ ದೊಡ್ಡ ಬಲ್ಬು ಹಾಕಿಸಿಕೊಳ್ಳಲು ಹೇಳಿ ಎಂದಿದ್ದ. ಮುದುಕಿಯ ಮುಖ ಬಿಳುಚಿಕೊಂಡಿತ್ತು. ಬಿಸಿಲಿಗೆ ಹಾಗಾಗಿರಬೇಕು ಎಂದುಕೊಂಡು ಒಂದು ಲೋಟ ಕಬ್ಬಿನ ಹಾಲು ಕುಡಿಸಲು ಹೋಗಿದ್ದ. ಅವಳು ತರಕಾರಿಯ ಚೀಲವನ್ನು ಅಲ್ಲೇ ಬಿಟ್ಟು ಹೋಗಿದ್ದಳು. ಆ ಒಳಕೋಣೆಯ ಕಿಟಕಿ ಇರುವುದು ಹಿತ್ತಲಿನ ಕಡೆಗೆ.

ಅಜ್ಜಾರು ಕತೆ ನಿಲ್ಲಿಸಿರಲಿಲ್ಲ.

ತಳವಾರ ದೂರಿನ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದ. ಆ ಪುಸ್ತಕ ಅದುವರೆಗೆ ಚಾವಡಿಯ ಹೊಸ್ತಿಲು ದಾಟಿರಲಿಲ್ಲ. ಬಣ್ಣ ಹಾಕುವವಳ ಮನೆಗೆ ಹೋಗಿ ಕದ ತಟ್ಟಿದ. ಅವಳು ತೆಗೆಯಲಿಲ್ಲ. ತಾನು ಯಾರೆಂದು ಹೇಳಿದ, ಆಗಲೂ ತೆಗೆಯಲಿಲ್ಲ. ನನ್ನಿಂದ ತಪ್ಪಾಯಿತು ತಾಯಿ ಎಂದ. ಸುಮಾರು ಹೊತ್ತಿನ ಮೇಲೆ ಚಿಲಕ ಸರಿಯಿತು. ತಳವಾರ ಅವಳ ಹೊಸ್ತಿಲ ಹೊರಗೆ ಕೂತು ಪುಸ್ತಕ ಬಿಚ್ಚಿದ. ಹೋದ ವಸ್ತು ಎಂಬಲ್ಲಿ 'ಅಂಗಳ' ಎಂದು ಬರೆದ. ಒಯ್ದವರು ಎಂಬಲ್ಲಿ ಆ ಗಂಡನ ಹೆಸರು ಬರೆದ. ಅಂದೇ ಅವನನ್ನು ಹಿಡಿದು ಊರ ಗಡಿ ದಾಟಿಸಿದರು.

ಮರುದಿನ ಅವಳು ತನ್ನ ಅಂಗಳವನ್ನು ತಾನೇ ಸಾರಿಸಿದಳು. ರಂಗೋಲಿ ಸೊಟ್ಟಗೆ ಬಂತು. ಅವನು ಹಾಕುತ್ತಿದ್ದದ್ದೇ ಚೆನ್ನಾಗಿತ್ತು ಎಂದು ಕೇರಿಯವರು ಆಡಿಕೊಂಡರು.

ಕತೆ ಮುಗಿಯಿತು. ಆ ಕತೆಯವನು ಬೇರೆ, ತಾನು ಬೇರೆ ಎಂದ ಗದಿಗೆಪ್ಪ. ತಾನು ಯಾರ ಅಂಗಳಕ್ಕೂ ಕಾಲಿಟ್ಟವನಲ್ಲ, ಸರಕಾರದ ರಸ್ತೆಯಲ್ಲಿ ನಿಂತವನು ಎಂದ. ಹೊತ್ತು ಇಳಿಯುತ್ತಿತ್ತು. ಅವನು ಮುಂದೆ ಬಾಗಿ ಅಜ್ಜಾರ ಪಾದ ಹಿಡಿದುಕೊಂಡ.

"ಹನ್ನೆರಡು ವರ್ಷದಿಂದ ನನ್ನ ನೋಡೀರಿ. ನಾ ಎಂಥಾವ ಅಂತ ಠಾಣೆದಾಗ ಒಂದು ಮಾತು ಹೇಳ್ರಿ ಅಜ್ಜಾರ, ಸಾಕು."

ಅಜ್ಜಾರು ಪಾದ ಹಿಂದಕ್ಕೆ ಎಳೆದುಕೊಂಡರು.

"ನಿನ್ನೇನ ಹೋಗಿ ಹೇಳಿ ಬಂದೀನಿ ಗದಿಗೆಪ್ಪ, ಆಕಿ ದೂರಿನ ಕೆಳಗ ಸಾಕ್ಷಿ ಸಹಿ ನಂದೈತಿ."