ಶಂಕ್ರವ್ವನ ಹಂಡೆಯ ನೀರು

ಕೃಷ್ಣಾ ನದಿಯಿಂದ ನಾಲ್ಕು ಹರದಾರಿ ದೂರದಲ್ಲಿ ಒಂದು ನೇಕಾರರ ಊರು. ಆ ಊರಲ್ಲಿ ಹುಚ್ಚೇಶ ಎಂಬ ತರುಣನಿದ್ದ. ಧಾರವಾಡಕ್ಕೆ ಹೋಗಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಬಂದಿದ್ದ. ಅದೂ ಅಂತಿಂಥ ಪಾಸಲ್ಲ, ಫಸ್ಟ್ ಕ್ಲಾಸು.

ಊರ ಮಂದಿಗೆ ಕೆಮಿಸ್ಟ್ ಅಂದರೆ ಔಷಧಿ ಅಂಗಡಿ. ಬಂದ ವಾರದಲ್ಲೇ ನಾಲ್ಕು ಜನ ಬಾಗಿಲು ಬಡಿದು, "ತಮ್ಮಾ, ತಲಿನೋವಿಗೆ ಒಂದು ಗುಳಿಗಿ ಕೊಡು" ಅಂದರು. ಅಷ್ಟರಲ್ಲಿ ದೂರದ ಔಷಧ ಕಾರ್ಖಾನೆಯೊಂದು ಕೆಲಸಕ್ಕೆ ಕರೆಯಿತು. ಬೆಳಗಿನಿಂದ ಸಂಜೆಯ ತನಕ ಗುಳಿಗೆ ಕರಗಿಸಿ ನೋಡುವ ಕೆಲಸ.

"ಮಂದಿ ಗುಳಿಗಿ ಕರಗಸಾಕ ನಮ್ಮವ್ವ ನನ್ನ ಹಡದಿಲ್ಲ" ಅಂದ ಹುಚ್ಚೇಶ.

ಜಂಬದ ಮಾತೇ, ಇಲ್ಲವೆನ್ನಲಾರೆ. ಆದರೆ ಬರೀ ಜಂಬವಲ್ಲ. ಊರಲ್ಲಿ ನೂಲಿಗೆ ಬಣ್ಣ ಹಾಕುವ ಮನೆಗಳು ನಲವತ್ತು. ಎಲ್ಲರಿಗೂ ಬಣ್ಣದ ಪುಡಿ ಎಲ್ಲಿಂದಲೋ ಬರುತ್ತಿತ್ತು. ನಾಲ್ಕು ಸಲ ಒಗೆದರೆ ಸೀರೆಯ ಬಣ್ಣ ಮಾಸಿ ಹೋಗುತ್ತಿತ್ತು. ಅದಕ್ಕಿಂತ ಒಳ್ಳೆಯ ಕೆಂಪನ್ನು ತಾನೇ ಮಾಡಿ ತೋರಿಸುತ್ತೇನೆ ಎಂದು ಅವನು ಪಣ ತೊಟ್ಟ. ದನದ ಕೊಟ್ಟಿಗೆಯ ಒಂದು ಮೂಲೆಗೆ ಸುಣ್ಣ ಹೊಡೆದು, ಮೇಜು ಹಾಕಿ, ಗಾಜಿನ ಬುಡ್ಡಿಗಳನ್ನು ಸಾಲಾಗಿ ಇಟ್ಟ. ಹಳ್ಳಿ ಹುಡುಗ ಹಟ ಹಿಡಿದರೆ ಕೇಳಬೇಕೇ? ಮೂರೇ ತಿಂಗಳು. ಕುಂಕುಮಕ್ಕೇ ನಾಚಿಕೆ ಬರುವಂಥ ಕೆಂಪು ತಯಾರಾಯಿತು. ಹತ್ತು ಸಲ ಒಗೆದರೂ ಒಂದು ಹನಿ ಬಣ್ಣ ಬಿಡಲಿಲ್ಲ.

ನೇಕಾರರ ಸಂಘದ ಅಧ್ಯಕ್ಷ ಸಿದ್ರಾಮಪ್ಪ ಕುಬಸದ ಅವರು ಆ ನೂಲನ್ನು ಬಿಸಿಲಿಗೆ ಹಿಡಿದು ನೋಡಿದರು.

"ಚಂದ ಐತಿ. ಆದ್ರ ನಿನ್ನ ಬುಡ್ಡಿಯೊಳಗ ಚಂದ ಐತಿ. ಮದುವಿ ಸೀರಿಗೆ ಇನ್ನೂರು ಲಡಿ ನೂಲು ಬೇಕಾಗೇತಿ. ಶಂಕ್ರವ್ವನ ಹಂಡೇದಾಗ ಹಿಂಗ ಬಂತಂದ್ರ ನಲವತ್ತೂ ಮನೀಗೆ ನಿಂದ ಪುಡಿ."

ಶಂಕ್ರವ್ವ ಊರಿಗೆಲ್ಲ ಹಿರಿಯ ಬಣ್ಣಗಾರ್ತಿ. ಗಂಡ ತೀರಿಕೊಂಡು ಇಪ್ಪತ್ತು ವರ್ಷ. ಸಂಘ ಬಣ್ಣಕ್ಕೆಂದು ಕೊಡುವ ಲಡಿಗಳೇ, ಅಂದರೆ ನೂಲಿನ ಕಟ್ಟುಗಳೇ, ಅವಳ ಅನ್ನ. ಮೊಣಕೈಯಿಂದ ಕೆಳಗೆ ಅವಳ ಕೈ ಎಷ್ಟು ತೊಳೆದರೂ ಕೆಂಪೇ.

ಅವಳದೊಂದು ಪದ್ಧತಿ ಇತ್ತು. ಬಣ್ಣ ಹಾಕುವ ಹಿಂದಿನ ಸಂಜೆ ಹಂಡೆಗೆ ಬೋರಿನ ನೀರು ತುಂಬುವಳು. ಅಗಸರು ಬಟ್ಟೆಗೆ ಹಾಕುವ ಸವಳು ಮಣ್ಣನ್ನು ಎರಡು ಹಿಡಿ ಹಾಕಿ, ಕದಡಿ, ಬಟ್ಟೆ ಮುಚ್ಚಿ ಬಿಡುವಳು. ಬೆಳಿಗ್ಗೆ ಅಲುಗಾಡಿಸದೆ ಮೇಲಿನ ತಿಳಿ ನೀರನ್ನಷ್ಟೇ ತೆಗೆಯುವಳು. ತೆಗೆಯುವಾಗ ಮಾತಾಡಿಸಿದರೂ ಓ ಅನ್ನುತ್ತಿರಲಿಲ್ಲ.

ಹುಚ್ಚೇಶ ಅದನ್ನು ನೋಡಿ ನಕ್ಕ. "ಏನ ಆಯಿ ಇದು, ನೀರಿಗೆ ಪೂಜಿ ಮಾಡಾಕತ್ತೀರಿ?"

"ನೀರಿನ ಸಿಟ್ಟು ಇಳೀಬೇಕಪಾ. ನಮ್ಮತ್ತಿ ಹಂಗ ಹೇಳಿಕೊಟ್ಟಾಳ."

"ನಿಮ್ಮತ್ತಿ ಎಂ.ಎಸ್ಸಿ. ಮಾಡಿದ್ರೇನು?"

"ಇಲ್ಲಪಾ. ಸೊಸಿ ಗೋಳು ಹೊಯ್ಕೊಳ್ಳೂದರಾಗ ಅಷ್ಟ ಡಿಗ್ರಿ ಮಾಡಿದ್ಲು" ಎಂದು ಶಂಕ್ರವ್ವ ಬೊಚ್ಚು ಬಾಯಿ ಬಿಟ್ಟು ನಕ್ಕಳು.

"ಮಣ್ಣು ಬಿದ್ದ ನೀರಾಗ ನನ್ನ ಬಣ್ಣ ಕೆಡತೈತಿ. ಸೀದಾ ಬೋರಿನ ನೀರು ಹಾಕ್ರಿ. ನನ್ನ ಮಾತು ಕೇಳ್ರಿ."

ಮುದುಕಿ ಒಂದು ಗಳಿಗೆ ಹಂಡೆಯನ್ನೂ ನೋಡಿದಳು, ಹುಡುಗನ ಮುಖವನ್ನೂ ನೋಡಿದಳು. "ಆತು ಬಿಡು. ನೀ ಓದಿದಾಂವ" ಅಂದಳು.

ಇನ್ನೂರು ಲಡಿ ನೂಲು ಹಂಡೆಯಿಂದ ಹೊರಬಂದಾಗ ಕೆಂಪು ಕೆಂಪಾಗಿ ಹೊಳೆಯುತ್ತಿತ್ತು. ಒಣಗಿದ ಮೇಲೆ ನೋಡಿದರೆ ದಡಾರ ಎದ್ದ ಮೈಯಂತೆ ಕಲೆ ಕಲೆ! ಒಂದು ಲಡಿಯನ್ನು ನೀರಿಗೆ ಅದ್ದಿದರೆ ಬಾಲ್ದಿಯೆಲ್ಲ ಕೆಂಪು. ಶಂಕ್ರವ್ವ ಸೆರಗಿಗೆ ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕೂತಳು.

ಹುಚ್ಚೇಶ ಕೊಟ್ಟಿಗೆಗೆ ಓಡಿದ. ಅದೇ ಪುಡಿಯನ್ನು ತನ್ನ ಬಾಟಲಿಯ ನೀರಿನಲ್ಲಿ ಕಲಸಿ ನೂಲು ಅದ್ದಿದ. ಬಂಗಾರದಂಥ ಕೆಂಪು. ಶಂಕ್ರವ್ವನ ಬೋರಿನ ನೀರಿನಲ್ಲಿ ಅದ್ದಿದ. ಕಲೆ ಕಲೆ. ಆ ಬೋರಿನ ನೀರಿಗೇ ಚಿಟಿಕೆ ಸವಳು ಹಾಕಿ ಕಾದು ಕೂತ. ಸ್ವಲ್ಪ ಹೊತ್ತಿಗೆ ಬುಡ್ಡಿಯ ತಳದಲ್ಲಿ ಮಣ್ಣಿನ ಮೇಲೆ ಹಿಟ್ಟಿನಂಥ ಬಿಳಿಯ ಪದರ ಕೂತಿತು. ಮೇಲಿನ ತಿಳಿ ನೀರಿನಲ್ಲಿ ಅದ್ದಿದರೆ ಮತ್ತೆ ಅದೇ ಕೆಂಪು.

ಈಗ ಅವನಿಗೆ ಹೊಳೆಯಿತು. ಆ ಬೋರಿನ ನೀರಿನ ತುಂಬ ಸುಣ್ಣದಂಶ. ಸವಳಿನಲ್ಲಿರುವ ಸೋಡಾ ಆ ಸುಣ್ಣವನ್ನು ತಳಕ್ಕೆ ಇಳಿಸುತ್ತದೆ. ಇದು ಕಾಲೇಜಿನ ಮೊದಲ ವರ್ಷದ ಪಾಠ. ಮೂರು ತಿಂಗಳೂ ಅವನು ಪ್ರಯೋಗ ಮಾಡಿದ್ದು ಧಾರವಾಡದಿಂದ ತಂದ ಭಟ್ಟಿ ಇಳಿಸಿದ ನೀರಿನಲ್ಲಿ. ಊರಿನ ನೀರನ್ನು ಒಂದು ಸಲವೂ ಬುಡ್ಡಿಗೆ ಹಾಕಿರಲಿಲ್ಲ.

ಮರುದಿನ ಸಂಘದ ಸಭೆ ಸೇರಿತು. ಕೆಟ್ಟ ಲಡಿಗಳು ನಡುವೆ ಬಿದ್ದಿದ್ದವು.

"ಪುಡಿ ತಪ್ಪೋ, ಕೈ ತಪ್ಪೋ?" ಕುಬಸದ ಅವರು ನೇರವಾಗಿ ಕೇಳಿದರು. "ಪುಡಿ ತಪ್ಪಾದ್ರ ಹುಚ್ಚೇಶನ ಪುಡಿ ಬಂದ್. ಕೈ ತಪ್ಪಾದ್ರ ಶಂಕ್ರವ್ವಗ ಇನ್ನ ಸಂಘದ ಲಡಿ ಬಂದ್. ಮನಸ್ಸಿಗೆ ಬ್ಯಾಸರಾಗತೈತಿ, ಆದ್ರ ಏನು ಮಾಡೂದು?"

ಹುಚ್ಚೇಶನ ಅಂಗಿಯ ಜೇಬಿನಲ್ಲಿ ಒಂದು ಕಾಗದವಿತ್ತು. ಪುಡಿ ಶುದ್ಧವಾಗಿದೆ ಎಂದು ಧಾರವಾಡದ ಪ್ರಯೋಗಾಲಯ ಬರೆದುಕೊಟ್ಟದ್ದು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದನ್ನು ಮೇಜಿನ ಮೇಲೆ ಇಟ್ಟು ಸುಮ್ಮನೆ ಕೂತರೆ ಸಾಕಿತ್ತು.

ಅಷ್ಟರಲ್ಲಿ ಶಂಕ್ರವ್ವ ಎದ್ದು ನಿಂತಳು.

"ನಂದ ಕೈ ತಪ್ಪೇತ್ರಿ. ವಯಸ್ಸಾತು, ಕಣ್ಣು ಮಬ್ಬು. ಹದ ತಪ್ಪೇತಿ. ಹುಡುಗನ ಪುಡಿಗೆ ಏನೂ ಅನಬ್ಯಾಡ್ರಿ. ಪಾಪ, ಈಗ ಧಂದೆಕ ಕೈ ಹಚ್ಯಾನ."

ನೀರಿನ ಮಾತನ್ನೇ ಅವಳು ಎತ್ತಲಿಲ್ಲ. ಹುಚ್ಚೇಶನ ಕಡೆ ನೋಡಿ, ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದಳು.

ಹುಚ್ಚೇಶ ಜೇಬಿನ ಕಾಗದವನ್ನು ಮುಟ್ಟದೆ ಎದ್ದು ನಿಂತ. ಹೆತ್ತವಳಲ್ಲ, ಬಂಧುವಲ್ಲ. ನಿನ್ನೆ ಮೊನ್ನೆ ತಾನು ಗೇಲಿ ಮಾಡಿದ ಮುದುಕಿ. ತನಗಾಗಿ ತನ್ನ ಅನ್ನವನ್ನೇ ಬಿಟ್ಟುಕೊಡುತ್ತಿದ್ದಾಳೆ.

"ಆಯಿ ಸುಳ್ಳು ಹೇಳಾಕತ್ತಾಳ್ರಿ" ಅಂದ.

ಸಭೆಯೆಲ್ಲ ಅವನ ಕಡೆ ತಿರುಗಿತು.

"ಪುಡಿ ತಪ್ಪಿಲ್ಲ, ಆಯಿ ಕೈನೂ ತಪ್ಪಿಲ್ಲ. ತಪ್ಪಿದ್ದು ನನ್ನ ಬಾಯಿ. ನೀರಿಗೆ ಸವಳು ಹಾಕಬ್ಯಾಡ್ರಿ ಅಂದಾಂವ ನಾನು. ಆಯಿ ತಿಳಿಸಿ ಹೇಳಿದ್ರೂ ಕೇಳಲಿಲ್ಲ" ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟ.

ಹಿಂದೆ ಕೂತಿದ್ದ ಬಣ್ಣಗಾರ ಪರಸಪ್ಪ ನಕ್ಕ. "ಎಂ.ಎಸ್ಸಿ. ಮಾಡಿ ನೀರಿನ ಗುಣ ಗೊತ್ತಾಗಲಿಲ್ಲೇನೋ?"

"ಗುಣ ಗೊತ್ತಿತ್ತಣ್ಣಾ. ಕೇಳೋ ಬುದ್ಧಿ ಇರಲಿಲ್ಲ."

ಸಭೆ ಗೊಳ್ಳೆಂದಿತು. ಕುಬಸದ ಅವರು ಮಾತ್ರ ನಗಲಿಲ್ಲ. ಶಂಕ್ರವ್ವನ ಕೆಲಸ ಮೊದಲಿನಂತೆ ನಡೆಯಲಿ, ಕೆಟ್ಟ ಲಡಿಗಳನ್ನು ಇಬ್ಬರೂ ಸೇರಿ ಕಪ್ಪು ಬಣ್ಣಕ್ಕೆ ಹಾಕಲಿ, ಹುಚ್ಚೇಶನ ಪುಡಿ ಈ ವರ್ಷ ಬೇಡ ಎಂದು ತೀರ್ಮಾನ ಕೊಟ್ಟರು.

ಹೊರಗೆ ಬಂದದ್ದೇ ಶಂಕ್ರವ್ವ ಅವನ ಬೆನ್ನಿಗೊಂದು ಗುದ್ದಿದಳು. "ಖೋಡಿ, ನಾ ಇವತ್ತಿಲ್ಲ ನಾಳೆ ಕೆಲಸ ಬಿಡಾಕಿ. ನಿನ್ನ ಅನ್ನದಾಗ ನೀನ ಯಾಕ ಮಣ್ಣು ಹಾಕ್ಕೊಂಡಿ?"

"ನಿಮ್ಮ ಅನ್ನ ಕಸಗೊಂಡು ನನ್ನ ಧಂದೆ ಬೆಳೆಯೂದು ಬ್ಯಾಡ ಆಯಿ."

ಅವಳು ಮುಖ ಆಚೆ ತಿರುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮೂರನೇ ದಿನ ಕೊಟ್ಟಿಗೆಯ ಬಾಗಿಲಲ್ಲಿ ಪರಸಪ್ಪ ನಿಂತಿದ್ದ. ಕೈಯಲ್ಲಿ ಒಂದು ಬಾಟಲಿ ನೀರು.

"ನಮ್ಮ ಬೋರಿನ ನೀರಿಗೆ ಎಷ್ಟು ಸವಳು ಬೇಕು, ನೋಡಿ ಹೇಳು ತಮ್ಮಾ. ತನ್ನ ತಪ್ಪು ತಾನ ಹೇಳಿಕೊಂಡಾಂವ ನನ್ನ ನೀರಿನ ಬಗ್ಗೆ ಸುಳ್ಳು ಹೇಳೂದಿಲ್ಲ."

ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ತಿಂಗಳೊಳಗೆ ನಲವತ್ತು ಮನೆಯ ನೀರೂ ಬಂತು. ಒಂದೊಂದು ಬೋರಿನದು ಒಂದೊಂದು ಗುಣ. ಹುಚ್ಚೇಶ ಅಳೆದು ನೋಡಿ, ಮನೆಮನೆಗೂ ಬೇರೆ ಬೇರೆ ಅಳತೆ ಬರೆದುಕೊಟ್ಟು, ಪರೀಕ್ಷೆಗಿಷ್ಟು ಎಂದು ದುಡ್ಡು ಪಡೆದ. ಆಮೇಲೆ ಗೋಲಿ ಸೋಡಾದವರು ಬಂದರು, ಬೆಲ್ಲದ ಗಾಣದವರು ಬಂದರು, ಶಾಲೆಯ ಮಾಸ್ತರರು ಕುಡಿಯುವ ನೀರು ತಂದರು. ಎರಡು ವರ್ಷ ಕಳೆದ ಮೇಲೆ ಕುಬಸದ ಅವರೇ ಮನೆಗೆ ಬಂದು ಆ ಕೆಂಪು ಪುಡಿಯನ್ನೂ ಕೇಳಿದರು. ಕಾರ್ಖಾನೆಯಲ್ಲಿ ಗುಳಿಗೆ ಕರಗಿಸುತ್ತಿದ್ದರೆ ಸಿಗುತ್ತಿತ್ತೇ ಈ ಮರ್ಯಾದೆ?

ಕೆಲಸ ಹೆಚ್ಚಿತು. ಬಿ.ಎಸ್ಸಿ. ಮುಗಿಸಿದ ಇಬ್ಬರು ಹೆಣ್ಣುಮಕ್ಕಳು ಅವನಲ್ಲಿ ಕೆಲಸಕ್ಕೆ ಸೇರಿದರು. ಮೊದಲ ದಿನ ಅವನು ಅವರಿಗೆ ಬುಡ್ಡಿಗಳನ್ನು ಮುಟ್ಟಗೊಡಲಿಲ್ಲ. ಸೀದಾ ಶಂಕ್ರವ್ವನ ಅಂಗಳಕ್ಕೆ ಕರೆದುಕೊಂಡು ಹೋದ.

"ಆಯಿ, ಇವರು ಒಂದು ತಿಂಗಳು ನಿಮ್ಮ ಹತ್ರ ಕಲೀಲಿ."

ಇಬ್ಬರೂ ಕೈಯಲ್ಲಿ ನೋಟ್‌ಬುಕ್ಕು ಹಿಡಿದು ನಿಂತಿದ್ದರು. ಶಂಕ್ರವ್ವ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಬರಕೊಳ್ಳೂದು ಆಮ್ಯಾಲೆ ಬರಕೊಳ್ರಿ. ಮುಂಜಾನಿ ರೊಟ್ಟಿ ತಿಂದೀರೋ ಇಲ್ಲೋ, ಅದನ್ನ ಮೊದಲ ಹೇಳ್ರಿ" ಎಂದು ಒಲೆಯ ಕಡೆ ನಡೆದಳು.

ನೀತಿ: ಓದಿದ ವಿದ್ಯೆಗೆ ಅವಕಾಶ ನಮ್ಮೂರ ನೀರಿನಲ್ಲೂ ಇದೆ, ಆದರೆ ಅದು ಕಣ್ಣಿಗೆ ಬೀಳಬೇಕಾದರೆ ಕೆಲಸ ಬಲ್ಲ ಹಿರಿಯರ ಮಾತಿಗೆ ಕಿವಿ ಕೊಡಬೇಕು. ನಮ್ಮ ತಪ್ಪನ್ನು ಬಡವರ ತಲೆಗೆ ಕಟ್ಟದೆ ನಾವೇ ಹೊತ್ತರೆ, ಆ ಹೊತ್ತಿಗೆ ನಷ್ಟವಾದರೂ ಜನರ ನಂಬಿಕೆ ಗಳಿಸುತ್ತೇವೆ. ಯಾವ ವ್ಯಾಪಾರವೂ ಬೆಳೆಯುವುದು ಆ ನಂಬಿಕೆಯ ಮೇಲೆಯೇ.