ಸಿಡಿಲಯ್ಯನ ಕೆಂಪು ಚಡ್ಡಿ

ಚಿತ್ರಕಥೆಯ ಪುಸ್ತಕಗಳಲ್ಲಿ ವೀರ ಸಿಡಿಲಯ್ಯನ ಕೆಂಪು ಚಡ್ಡಿ ನಲವತ್ತು ವರ್ಷ ಪ್ಯಾಂಟಿನ ಮೇಲೆಯೇ ಕೂತು, ಊರೆಲ್ಲ ನೋಡುವಂತೆ ಮಾನ ಕಳೆದುಕೊಂಡಿತ್ತು. ಆ ಕಥೆ ಸಿನಿಮಾ ಆಗುವಾಗ ದರ್ಜಿ ಪುಣ್ಯಾತ್ಮ ಅದನ್ನು ಪ್ಯಾಂಟಿನ ಒಳಗೆ ಸೇರಿಸಿದ. ಕಡೆಗೂ ಮರೆ ಸಿಕ್ಕಿತೆಂದು ಚಡ್ಡಿ ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ, ಪೋಸ್ಟರ್ ನೋಡಿದ ಅಭಿಮಾನಿ ಸಂಘದವರು ಸ್ಟುಡಿಯೋ ಗೇಟಿಗೆ ಬಂದು ಬೊಬ್ಬೆ ಹೊಡೆದರು: "ಚಡ್ಡಿ ಹೊರಗೆ ಬರಲಿ! ಇಲ್ಲವಾದರೆ ಸಿನಿಮಾ ಬಿಡುಗಡೆಯಾಗಲು ಬಿಡುವುದಿಲ್ಲ!"

ವೀರನ ಹೆಗಲ ಮೇಲಿನ ಹೊದಿಕೆ ಹೇಳಿತು, "ಹೊರಡು ತಮ್ಮಾ, ಜನ ಕರೆಯುತ್ತಿದ್ದಾರೆ."

"ಬರುತ್ತೇನೆ ಅಣ್ಣಾ. ಮೊದಲು ಅವರನ್ನು ಒಂದು ಮಾತು ಕೇಳು. ಬಿಡುಗಡೆಯ ದಿನ ಅವರೂ ಚಡ್ಡಿಯನ್ನು ಪ್ಯಾಂಟಿನ ಮೇಲೆ ಹಾಕಿಕೊಂಡು ಟಾಕೀಸಿಗೆ ಬರುತ್ತಾರೆಯೇ?"

ಹೊದಿಕೆ ಕಿಟಕಿಯಿಂದ ಹಾರಾಡುತ್ತ ಹಾಗೆಯೇ ಕೇಳಿತು. ಬೊಬ್ಬೆ ಗಪ್ಪನೆ ನಿಂತಿತು. ಒಬ್ಬ ಅಂಗಿಯನ್ನು ಕೆಳಗೆಳೆದುಕೊಂಡ, ಇನ್ನೊಬ್ಬ ಸದ್ದಿಲ್ಲದೆ ಬೈಕು ಹತ್ತಿದ. ಸಂಘದ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

"ನಮ್ಮ ವೀರ ಒಳಗಾದರೂ ಹಾಕಿಕೊಂಡಿದ್ದಾನೆ ತಾನೇ?"

"ಹಾಕಿಕೊಂಡಿದ್ದಾನೆ," ಎಂದಿತು ಹೊದಿಕೆ.

"ಅಷ್ಟು ಸಾಕು! ನಮ್ಮ ಹೋರಾಟಕ್ಕೆ ಜಯವಾಯಿತು! ಸಿಡಿಲಯ್ಯನಿಗೆ..."

"ಜೈ!" ಎಂದಿತು ಚಡ್ಡಿ, ಎಲ್ಲರಿಗಿಂತ ಮೊದಲು, ಒಳಗಿಂದಲೇ.